ಟ್ಯಾಂಕ್ ಎಂಬ ಮಾತು

ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರದಲ್ಲಿ ಒಂದು ಸಂಜೆ ಮೊಮ್ಮಗನೊಡನೆ ಕೆರೆಯ ಏರಿಯ ಮೇಲೆ ನಿಂತಿದ್ದೆ. ಗೂಡು ಕಟ್ಟಲು ಬರುವ ಹಕ್ಕಿಗಳ ಸಲುವಾಗಿ 2017ರಲ್ಲಿ ಸಂರಕ್ಷಿತ ಪ್ರದೇಶವೆಂದು ಸಾರಲಾದ ಕೆರೆ ಅದು. ಕೆರೆಗೆ ಇಂಗ್ಲಿಷಿನಲ್ಲಿ ಏನೆನ್ನುತ್ತಾರೆಂದು ಹುಡುಗ ಕೇಳಿದ. 'ಟ್ಯಾಂಕ್' ಎಂದೆ. ಅವನು ನೀರಿನ ಕಡೆ ನೋಡಿ, 'ಮತ್ತೆ ಇದಕ್ಕೆ ಮುಚ್ಚಳ ಎಲ್ಲೈತಿ ಅಜ್ಜ?' ಎಂದ. ನನಗೆ ನಗು ಬಂದಿತು. ಆದರೆ ಪ್ರಶ್ನೆ ನಕ್ಕು ಬಿಡುವಂಥದಾಗಿರಲಿಲ್ಲ.

ಈ ಪದ ಇಂಗ್ಲಿಷಿಗೆ ಹೋದದ್ದು ನಮ್ಮ ದೇಶದಿಂದಲೇ. ಗುಜರಾತಿಯಲ್ಲಿಯೂ ಮರಾಠಿಯಲ್ಲಿಯೂ ನೀರು ತುಂಬಿಡುವ ತೊಟ್ಟಿಗೆ ಇದನ್ನು ಹೋಲುವ ಮಾತುಗಳುಂಟು. ಹದಿನೇಳನೆಯ ಶತಮಾನದ ಆರಂಭದಲ್ಲಿ ಇಂಗ್ಲಿಷರು ಅದನ್ನು ಎತ್ತಿಕೊಂಡರು. ಕೊಳವೆಂಬ ಅರ್ಥದ ಪೋರ್ಚುಗೀಸ್ ಶಬ್ದವೊಂದರ ಪ್ರಭಾವವೂ ಅದರ ಮೇಲಿದೆಯೆಂದು ನಿಘಂಟುಕಾರರ ಊಹೆ. ಮೊದಲು ಟ್ಯಾಂಕ್ ಎಂದರೆ ಹಿಂದೂಸ್ಥಾನದ ಜಲಾಶಯ. ಆಮೇಲೆ ನೀರು, ಎಣ್ಣೆ ತುಂಬುವ ಪಾತ್ರೆ. 1915ರ ಕೊನೆಯಲ್ಲಿ ಬ್ರಿಟಿಷರು ತಾವು ಗುಟ್ಟಾಗಿ ತಯಾರಿಸುತ್ತಿದ್ದ ಉಕ್ಕಿನ ಯುದ್ಧವಾಹನವನ್ನು ಜನ ನೀರಿನ ತೊಟ್ಟಿಯೆಂದು ನಂಬಲೆಂದು ಅದಕ್ಕೂ ಈ ಹೆಸರನ್ನೇ ಇಟ್ಟರು. 1916ರ ಸೆಪ್ಟೆಂಬರ್ 15ರಂದು ಫ್ರಾನ್ಸಿನ ಸೋಮ್ ರಣರಂಗದಲ್ಲಿ ಗುಟ್ಟು ಬಯಲಾಯಿತು. ಹೆಸರು ಮಾತ್ರ ಉಳಿಯಿತು. ಈಚೆಗೆ ಚಿಂತಕರ ಕೂಟವೂ 'ಥಿಂಕ್ ಟ್ಯಾಂಕ್' ಆಗಿದೆ.

ಬಳ್ಳಾರಿ ಸೀಮೆ 1800ರಲ್ಲಿ ಕಂಪನಿಯ ವಶವಾಗಿ, 1953ರವರೆಗೆ ಮದ್ರಾಸಿನ ಆಡಳಿತದಲ್ಲಿತ್ತು. ಆಳುವವರ ಇಂಗ್ಲಿಷಿನಲ್ಲಿ ಗದ್ದೆಗೆ ನೀರುಣಿಸುವ ಕೆರೆಯೂ ಟ್ಯಾಂಕ್, ಗುಡಿಯ ಮುಂದಿನ ಪುಷ್ಕರಣಿಯೂ ಟ್ಯಾಂಕ್. ದನಗಳ ಗೋಕಟ್ಟೆ, ಹೊಲದಂಚಿನ ಕುಂಟೆ, ಕಲ್ಲು ಕಟ್ಟಿದ ಹೊಂಡ ಎಂದು ನಾವು ಬೇರೆಬೇರೆಯಾಗಿ ಕರೆಯುತ್ತಿದ್ದುದೆಲ್ಲ ಒಂದೇ ಮಾತಿನಲ್ಲಿ ಮುಳುಗಿತು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿಗಳದು ಮಳೆ ಕಡಿಮೆಯ ನಾಡು. ಇಂಥ ಸೀಮೆಯಲ್ಲಿ ನಮ್ಮ ಹಿರಿಯರು ಒಂದು ಕೆರೆಯನ್ನು 'ಸಮುದ್ರ'ವೆಂದು ಕರೆದರು. ಪರದೇಶದವರಿಗೆ ಅದು ತೊಟ್ಟಿಯಾಗಿ ಕಂಡಿತು.

ಪದ ಹೋದರೆ ಹೋಗಲಿ ಎನ್ನಬಹುದು. ಆದರೆ ಕೆರೆ ಎಂದೊಡನೆ ಏರಿ, ತೂಬು, ಕೋಡಿ, ಕೆರೆಯಂಗಳ, ಅಚ್ಚುಕಟ್ಟು ಎಲ್ಲವೂ ಜೊತೆಗೇ ಬರುತ್ತವೆ. ದೂರದ ದಿಬ್ಬದಿಂದ ನೀರು ತರುವ ಹಳ್ಳವೂ ಬರುತ್ತದೆ. ತೊಟ್ಟಿಯಾದರೋ ತನ್ನ ಗೋಡೆಗೇ ಮುಗಿಯುತ್ತದೆ, ಯಾರೋ ತುಂಬಿಸಬೇಕು. ಕೆರೆಯನ್ನು ತೊಟ್ಟಿಯೆಂದು ಬಗೆದವರಿಗೆ ಹಳ್ಳವನ್ನು ಒತ್ತಿ ಉತ್ತರೆ ಕೆರೆಗೇನು ಕೇಡೆಂಬುದು ತಿಳಿಯದು. ಮಳೆಗಾಲದಲ್ಲಿಯೂ ಅದು ಬರಿದಾಗಿದ್ದರೆ ಮಳೆಯನ್ನು ಬೈಯುತ್ತಾರೆ.

ಅಂದು ಹುಡುಗನಿಗೆ ಪದದ ಕಥೆಯನ್ನು ಹೇಳಲಿಲ್ಲ. ಮೊದಲು ಕೋಡಿಯನ್ನು ತೋರಿಸಿದೆ. ಬಳಿಕ ನೀರು ಬರುವ ದಾರಿಗುಂಟ ಕತ್ತಲಾಗುವವರೆಗೆ ಅವನನ್ನು ನಡೆಸಿಕೊಂಡು ಹೋದೆ.