ಕಾರ್ಡ್ ನಿಮ್ಮದು, ಖರೀದಿ ಅವರದು

ದಿನಸಿ ಕೊಂಡು ಕೌಂಟರ್ ಮುಂದೆ ಸಾಲಿನಲ್ಲಿ ನಿಂತಿದ್ದೀರಿ. ನಿಮ್ಮ ಮುಂದಿರುವ ಹೆಂಗಸಿನ ಬಳಿ ಆ ಅಂಗಡಿಯ ಸದಸ್ಯತ್ವದ ಕಾರ್ಡ್ ಇಲ್ಲ. ಇದ್ದಿದ್ದರೆ ಅವರ ಬಿಲ್ಲು ಸಾಕಷ್ಟು ಕಡಿಮೆಯಾಗುತ್ತಿತ್ತು. ಅದೇ ಕಾರ್ಡ್ ನಿಮ್ಮ ಪರ್ಸಿನಲ್ಲಿದೆ. ತೆಗೆದು ಕೊಡಬೇಕೇ, ಸುಮ್ಮನಿರಬೇಕೇ? ಕೊಟ್ಟರೆ ಅದು ಉಪಕಾರವೋ, ಅಂಗಡಿಯವರಿಗೆ ಮಾಡಿದ ಮೋಸವೋ? ಅವರ ಖರೀದಿಯಿಂದ ನಿಮ್ಮ ಖಾತೆಗೆ ಬೀಳುವ ಪಾಯಿಂಟ್ ನಿಜವಾಗಿ ಯಾರದು?

ಇದೇನು ದೊಡ್ಡ ವಿಷಯವೇ ಎಂದು ನೀವು ಕೇಳಬಹುದು. ಮೊತ್ತ ನೋಡಿದರೆ ದೊಡ್ಡದಲ್ಲ. ಆದರೆ ಹಣ, ಹೆಸರು, ನಂಬಿಕೆ ಈ ಮೂರೂ ಒಂದೇ ನಿಮಿಷದಲ್ಲಿ ಅಪರಿಚಿತರ ನಡುವೆ ಕೈ ಬದಲಾಯಿಸುವ ಜಾಗವಿದು. ಇಂದು ಮನೆಯ ಖರೀದಿಯ ಬಹುಪಾಲು ಹೆಂಗಸರ ಕೈಯಲ್ಲಿದೆ. ಮಗನೋ ಮಗಳೋ ಬ್ರಿಟನ್ನಿಗೆ ಓದಲು ಹೋದ ಮನೆಗಳೂ ನಮ್ಮಲ್ಲಿವೆ. ಆದ್ದರಿಂದ ಈ ಸಣ್ಣ ವಿಷಯದ ರೀತಿ ರಿವಾಜನ್ನು ಸ್ವಲ್ಪ ವಿವರವಾಗಿಯೇ ನೋಡೋಣ.

ಚೀಟಿಯಿಂದ ಕಾರ್ಡಿಗೆ

ಗ್ರಾಹಕರನ್ನು ಹಿಡಿದಿಟ್ಟುಕೊಳ್ಳುವ ಉಪಾಯ ಹೊಸದೇನಲ್ಲ. ಅಮೆರಿಕದಲ್ಲಿ 1896ರಲ್ಲಿ ಸ್ಪೆರಿ ಮತ್ತು ಹಚಿನ್ಸನ್ ಎಂಬ ಸಂಸ್ಥೆ ಹಸಿರು ಚೀಟಿಗಳ ಪದ್ಧತಿಯನ್ನು ಆರಂಭಿಸಿತು. ಸಾಮಾನು ಕೊಂಡವರಿಗೆ ಅಂಗಡಿಯವರು ಚೀಟಿ ಕೊಡುತ್ತಿದ್ದರು. ಅವನ್ನು ಪುಸ್ತಕದಲ್ಲಿ ಅಂಟಿಸಿ, ಪುಸ್ತಕ ತುಂಬಿದಾಗ ಪಾತ್ರೆಯೋ ದೀಪವೋ ಪಡೆಯಬಹುದಾಗಿತ್ತು. ನಮ್ಮ ಕಡೆ ಚಹಾ ಪೊಟ್ಟಣದ ಕೂಪನ್ ಕೂಡಿಟ್ಟು ಗಾಜಿನ ಲೋಟ ಪಡೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಚೀಟಿಯ ಮೇಲೆ ಯಾರ ಹೆಸರೂ ಇರಲಿಲ್ಲ. ಬೇಡವಾದವರು ನೆರೆಮನೆಯವರಿಗೆ ಕೊಟ್ಟರೆ ಅಲ್ಲಿಗೆ ಮುಗಿಯಿತು. ಕಾರ್ಡ್ ಹಾಗಲ್ಲ. ಬ್ರಿಟನ್ನಿನ ಟೆಸ್ಕೊ ಮಳಿಗೆಗಳು 1995ರ ಫೆಬ್ರವರಿಯಲ್ಲಿ ದೇಶದಾದ್ಯಂತ 'ಕ್ಲಬ್‌ಕಾರ್ಡ್' ಆರಂಭಿಸಿದಾಗ, ಪ್ರತಿ ಬಿಲ್ಲೂ ಒಂದು ಹೆಸರಿಗೆ, ಒಂದು ವಿಳಾಸಕ್ಕೆ ಅಂಟಿಕೊಂಡಿತು. ಯಾರು ಎಷ್ಟು ಹಾಲು ಕೊಂಡರು, ಯಾವ ವಾರ ಮಗುವಿನ ಡೈಪರ್ ಕೊಂಡರು ಎಂಬುದೆಲ್ಲ ದಾಖಲಾಗತೊಡಗಿತು. ಚೀಟಿ ಕೊಟ್ಟವರು ಕಾಗದ ಕೊಡುತ್ತಿದ್ದರು. ಕಾರ್ಡ್ ಕೊಟ್ಟವರು ತಮ್ಮ ಹೆಸರನ್ನೇ ಕೊಡುತ್ತಾರೆ. ಮುಂದಿನ ಮಾತೆಲ್ಲ ಈ ವ್ಯತ್ಯಾಸದ ಮೇಲೆಯೇ ನಿಂತಿದೆ.

ರಿಯಾಯಿತಿ ಬೇರೆ, ಪಾಯಿಂಟ್ ಬೇರೆ

ಬ್ರಿಟನ್ನಿನ ಉದಾಹರಣೆಯನ್ನೇ ತೆಗೆದುಕೊಳ್ಳೋಣ. ಮೊದಲು ಅಲ್ಲಿ ಕಾರ್ಡಿನಿಂದ ಮುಖ್ಯವಾಗಿ ಸಿಗುತ್ತಿದ್ದದ್ದು ಪಾಯಿಂಟ್. 2019ರಲ್ಲಿ ಟೆಸ್ಕೊ 'ಕ್ಲಬ್‌ಕಾರ್ಡ್ ಪ್ರೈಸಸ್' ಆರಂಭಿಸಿತು. ಅಂದರೆ ಒಂದೇ ವಸ್ತುವಿಗೆ ಎರಡು ಬೆಲೆ. ಕಾರ್ಡ್ ಇದ್ದವರಿಗೆ ಕಡಿಮೆ, ಇಲ್ಲದವರಿಗೆ ಹೆಚ್ಚು. 2023ರಲ್ಲಿ ಸೇನ್ಸ್‌ಬರೀಸ್ ಮಳಿಗೆಗಳೂ 'ನೆಕ್ಟರ್ ಪ್ರೈಸಸ್' ಹೆಸರಿನಲ್ಲಿ ಇದೇ ದಾರಿ ಹಿಡಿದವು. ಈ ಎರಡು ಬೆಲೆಯ ಪದ್ಧತಿಯ ಬಗ್ಗೆ ಅಲ್ಲಿನ ಸ್ಪರ್ಧೆ ಮತ್ತು ಮಾರುಕಟ್ಟೆ ಪ್ರಾಧಿಕಾರವು 2024ರ ನವೆಂಬರ್‌ನಲ್ಲಿ ವರದಿ ನೀಡಿತು. ಸುಮಾರು 50,000 ವಸ್ತುಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 92ರಷ್ಟರಲ್ಲಿ ಕಾರ್ಡಿನ ಬೆಲೆ ನಿಜವಾಗಿಯೂ ಮಾಮೂಲಿ ಬೆಲೆಗಿಂತ ಕಡಿಮೆಯೇ ಎಂದು ಅದು ಕಂಡುಕೊಂಡಿತು. ಸ್ಮಾರ್ಟ್‌ಫೋನ್ ಇಲ್ಲದವರು, ವಯಸ್ಸಾದವರು, 18 ವರ್ಷ ತುಂಬದವರು ಈ ರಿಯಾಯಿತಿಯಿಂದ ಹೊರಗುಳಿಯದಂತೆ ಅಂಗಡಿಗಳು ಇನ್ನೂ ಹೆಚ್ಚು ಗಮನ ಕೊಡಬಹುದು ಎಂದೂ ಹೇಳಿತು.

ಅಂದರೆ ಕಾರ್ಡ್ ಇಲ್ಲದೆ ಕೌಂಟರಿಗೆ ಬಂದವರಿಗೆ ನಷ್ಟ ಖಂಡಿತ. ಅಂಥವರು ಯಾರು? ನಿನ್ನೆ ತಾನೇ ವಿಮಾನ ಇಳಿದ ವಿದ್ಯಾರ್ಥಿ, ಮಗಳ ಬಾಣಂತನಕ್ಕೆ ಹೋದ ತಾಯಿ, ಆ್ಯಪ್ ಬಳಸಲು ಬಾರದ ಅಜ್ಜಿ. ಇವರ ಹಿಂದೆ ನಿಂತವರು ಕಾರ್ಡ್ ಚಾಚಿದರೆ ಅದು ದೊಡ್ಡ ಸಹಾಯವೇ.

ಈಗ ಲೆಕ್ಕ ಹಾಕಿ. ಟೆಸ್ಕೊದಲ್ಲಿ 1 ಪೌಂಡ್ ಖರೀದಿಗೆ 1 ಪಾಯಿಂಟ್, 1 ಪಾಯಿಂಟ್‌ಗೆ 1 ಪೆನ್ನಿ. ಅಪರಿಚಿತರ 30 ಪೌಂಡಿನ ಬಿಲ್ಲಿಗೆ ನೀವು ಕಾರ್ಡ್ ತೋರಿಸಿದರೆ ನಿಮ್ಮ ಖಾತೆಗೆ ಬರುವುದು 30 ಪೆನ್ನಿ. ಅವರಿಗೆ ಉಳಿಯುವುದು ಮೂರೋ ನಾಲ್ಕೋ ಪೌಂಡ್ ಇರಬಹುದು. ಅವರಿಗೆ ರಿಯಾಯಿತಿ, ನಿಮಗೆ ಪಾಯಿಂಟ್. ಇಬ್ಬರಿಗೂ ಲಾಭ, ಯಾರಿಗೂ ಬೇಸರವಿಲ್ಲ.

ಆದರೆ ಬೆಲೆಯಲ್ಲಿ ವ್ಯತ್ಯಾಸವೇ ಇಲ್ಲದೆ ಬರೀ ಪಾಯಿಂಟ್ ಮಾತ್ರ ಸಿಗುವ ಅಂಗಡಿಯಾದರೆ? ಅಲ್ಲಿ ಕಾರ್ಡ್ ಚಾಚಿದವರಿಗೆ ಮಾತ್ರ ಲಾಭ, ಹಣ ಕೊಟ್ಟವರಿಗೆ ಏನೂ ಇಲ್ಲ. ಆ ಪಾಯಿಂಟ್ ಹುಟ್ಟಿದ್ದು ಅವರ ದುಡ್ಡಿನಿಂದ. "ನಿಮಗೆ ಬೇಡವಾದರೆ ನನ್ನ ಕಾರ್ಡಿಗೆ ಹಾಕಿಸಬಹುದೇ?" ಎಂದು ಬಾಯಿಬಿಟ್ಟು ಕೇಳಿ, ಅವರು ಸಂತೋಷದಿಂದ ಒಪ್ಪಿದರೆ ಸರಿ. ಸಹಾಯ ಮಾಡುವವರಂತೆ ಕಾರ್ಡ್ ಮುಂದೆ ಮಾಡಿ, ಅವರಿಗೆ ತಿಳಿಯದಂತೆ ಪಾಯಿಂಟ್ ಪಡೆಯುವುದು ಉಪಕಾರವಲ್ಲ. ಇನ್ನೊಬ್ಬರ ಹಕ್ಕು ಎಷ್ಟೇ ಚಿಕ್ಕದಿರಲಿ, ಕೇಳದೆ ತೆಗೆದುಕೊಂಡರೆ ಅದರ ಹೆಸರೇ ಬೇರೆ.

ಅಂಗಡಿಗೆ ಅನ್ಯಾಯವೇ?

ಬಹಳಷ್ಟು ಕಾರ್ಡುಗಳು ಉಚಿತ. ಕೇಳಿದವರಿಗೆಲ್ಲ ಸಿಗುತ್ತವೆ. ಕಾರ್ಡ್ ಮರೆತು ಬಂದವರಿಗೆ ಕೌಂಟರಿನವರೇ "ಹಿಂದಿರುವವರ ಬಳಿ ಇದೆಯೇ ನೋಡಿ" ಎನ್ನುವುದೂ ಉಂಟು. ಇಂಥ ಕಡೆ ಒಮ್ಮೆ ಕಾರ್ಡ್ ತೋರಿಸಿದ್ದಕ್ಕೆ ಅಂಗಡಿಯವರಿಗೆ ಅನ್ಯಾಯವಾಯಿತು ಎನ್ನಲಾಗದು. ಅವರು ಮಾರಲು ಸಿದ್ಧವಿದ್ದ ಬೆಲೆಗೇ ಮಾರಿದ್ದಾರೆ.

ಆದರೆ ಮೂರು ಕಡೆ ಎಚ್ಚರ ಬೇಕು. ಒಂದು, ವರ್ಷಕ್ಕೆ ಇಷ್ಟು ಎಂದು ಹಣ ಕಟ್ಟಿ ಪಡೆಯುವ ಸದಸ್ಯತ್ವ. ಅದನ್ನು ಹೊರಗಿನವರಿಗೆ ಕೊಡಬಾರದು ಎಂದು ಒಪ್ಪಿಯೇ ನೀವು ಕಾರ್ಡ್ ಪಡೆದಿರುತ್ತೀರಿ. ಕೊಟ್ಟ ಮಾತು ಮಾತೇ. ಎರಡು, "ಒಬ್ಬರಿಗೆ ಒಂದು ಪ್ಯಾಕೆಟ್ ಮಾತ್ರ" ಎಂಬ ಕೊಡುಗೆ. ಹಬ್ಬದ ದಿನಗಳಲ್ಲಿ ಸಕ್ಕರೆ, ಎಣ್ಣೆಗೆ ಇಂಥ ಮಿತಿ ಇಡುವುದು ಎಲ್ಲರಿಗೂ ಸಿಗಲಿ ಎಂದು. ಸಾಲಿನಲ್ಲಿ ಹತ್ತು ಜನರ ಕಾರ್ಡ್ ಬೇಡಿ ಹತ್ತು ಪ್ಯಾಕೆಟ್ ಒಯ್ದರೆ, ಸಂಜೆ ಬರುವ ಬಡ ಹೆಂಗಸಿಗೆ ಖಾಲಿ ಕಪಾಟು ಮಾತ್ರ ಉಳಿಯುತ್ತದೆ. ಮೂರು, ಕೌಂಟರಿನಲ್ಲಿ ಕುಳಿತವರು. ಕಾರ್ಡ್ ಇಲ್ಲದ ಗ್ರಾಹಕರ ಬಿಲ್ಲಿಗೆ ತಮ್ಮದೇ ಕಾರ್ಡ್ ತೋರಿಸಿ ಪಾಯಿಂಟ್ ಕೂಡಿಸುವುದನ್ನು ಅಂಗಡಿಗಳು ಗಂಭೀರ ತಪ್ಪೆಂದು ಪರಿಗಣಿಸುತ್ತವೆ, ಕೆಲಸವೇ ಹೋಗಬಹುದು. ನಿಮ್ಮ ಮಗಳೋ ತಮ್ಮನೋ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದರೆ ಈ ಮಾತನ್ನು ಮೊದಲೇ ತಿಳಿಸಿಬಿಡಿ. ಹಾಗೆಯೇ "ನಿಮ್ಮ ಕಾರ್ಡೇ ಹಾಕಿಬಿಡಿ" ಎಂದು ಕೌಂಟರಿನ ಹುಡುಗಿಯನ್ನು ಒತ್ತಾಯಿಸಬೇಡಿ. ನಿಮಗೆ ಉಳಿಯುವುದು ಹತ್ತು ರೂಪಾಯಿ, ಆಕೆ ಕಳೆದುಕೊಳ್ಳುವುದು ಇಡೀ ಸಂಬಳ.

ಹೆಸರು ನಿಮ್ಮದು, ಖರೀದಿ ಇನ್ನೊಬ್ಬರದು

ಪಾಯಿಂಟಿಗಿಂತ ಮುಖ್ಯವಾದ ಸಂಗತಿ ಒಂದಿದೆ. ನಿಮ್ಮ ಕಾರ್ಡಿನಲ್ಲಿ ನಡೆದ ಪ್ರತಿ ಖರೀದಿಯೂ ನಿಮ್ಮದೆಂದೇ ದಾಖಲಾಗುತ್ತದೆ. ಅಪರಿಚಿತರ ಬುಟ್ಟಿಯಲ್ಲಿ ಏನಿದೆಯೋ ಅದೆಲ್ಲ ನಿಮ್ಮ ಲೆಕ್ಕಕ್ಕೆ. ನೀವು ಮನೆಗೆ ತರಲು ಒಪ್ಪದ ವಸ್ತುವೂ ಅದರಲ್ಲಿರಬಹುದು.

ಇದರಿಂದೇನು ಎನ್ನುವಿರಾ? 2009-10ರಲ್ಲಿ ಅಮೆರಿಕದ ಹಲವು ರಾಜ್ಯಗಳಲ್ಲಿ ಸಾಲ್ಮೊನೆಲ್ಲಾ ಎಂಬ ರೋಗಾಣುವಿನಿಂದ ಜನ ಕಾಯಿಲೆ ಬಿದ್ದರು. ಯಾವ ಆಹಾರದಿಂದ ಎಂಬುದು ಮೊದಲು ತಿಳಿಯಲಿಲ್ಲ. ವಾರಗಳ ಹಿಂದೆ ತಿಂದದ್ದು ಯಾರಿಗೆ ನೆನಪಿರುತ್ತದೆ? ಅಲ್ಲಿನ ರೋಗ ನಿಯಂತ್ರಣ ಕೇಂದ್ರದವರು ರೋಗಿಗಳ ಒಪ್ಪಿಗೆ ಪಡೆದು ಅವರ ಖರೀದಿ ಕಾರ್ಡುಗಳ ದಾಖಲೆ ನೋಡಿದರು. ಆ ದಾಖಲೆಯ ಸಹಾಯದಿಂದ ಒಂದು ಸಂಸ್ಕರಿಸಿದ ಮಾಂಸದ ತಿನಿಸು, ಅದಕ್ಕೆ ಹಚ್ಚಿದ್ದ ಮೆಣಸಿನ ಪುಡಿ ಪತ್ತೆಯಾಯಿತು. ಕೆಟ್ಟ ಮಾಲು ಹಿಂಪಡೆಯುವಾಗ ಅಂಗಡಿಗಳು ಕಾರ್ಡಿನ ಮೂಲಕವೇ ಗ್ರಾಹಕರಿಗೆ ಸುದ್ದಿ ಮುಟ್ಟಿಸುವುದೂ ಇದೆ. ಮಗುವಿನ ಹಾಲಿನ ಪುಡಿಯನ್ನು ಬೇರೆಯವರ ಕಾರ್ಡಿನಲ್ಲಿ ಕೊಂಡ ತಾಯಿಗೆ ಆ ಸುದ್ದಿ ತಲುಪುವುದಿಲ್ಲ. ಅದು ಹೋಗುವುದು ಕಾರ್ಡ್ ಕೊಟ್ಟವರ ಫೋನಿಗೆ.

ಆದ್ದರಿಂದ ಮಗುವಿನ ಆಹಾರ, ಔಷಧ, ಗ್ಯಾರಂಟಿ ಇರುವ ಮಿಕ್ಸಿ, ಕುಕ್ಕರಿನಂಥ ವಸ್ತುಗಳಿಗೆ ಇನ್ನೊಬ್ಬರ ಕಾರ್ಡ್ ಬೇಡವೇ ಬೇಡ. ನಾಲ್ಕು ರೂಪಾಯಿ ಹೆಚ್ಚಾದರೂ ನಿಮ್ಮ ಹೆಸರಿನಲ್ಲೇ ಬಿಲ್ಲು ಮಾಡಿಸಿ. ಔಷಧದ ವಿಷಯದಲ್ಲಿ ಇನ್ನೂ ಒಂದು ಮಾತು. ಯಾವ ಕಾಯಿಲೆಗೆ ಯಾವ ಮಾತ್ರೆ ಕೊಂಡಿರಿ ಎಂಬುದು ಅಪರಿಚಿತರ ಖಾತೆಯಲ್ಲಿ ಕುಳಿತಿರುವುದು ನಿಮಗೂ ಒಳ್ಳೆಯದಲ್ಲ, ಅವರಿಗೂ ಒಳ್ಳೆಯದಲ್ಲ.

ನಮ್ಮೂರಿನಲ್ಲಿ ಕಾರ್ಡ್ ಎಂದರೆ ಮೊಬೈಲ್ ನಂಬರ್

ಇಲ್ಲಿಯವರೆಗಿನದು ಕಾರ್ಡಿನ ಕತೆ. ನಮ್ಮ ಕಡೆ ಸೂಪರ್ ಮಾರ್ಕೆಟ್, ಬಟ್ಟೆ ಮಳಿಗೆ, ಚಪ್ಪಲಿ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕಾರ್ಡಿನ ಜಾಗದಲ್ಲಿ ಫೋನ್ ನಂಬರ್ ಇದೆ. "ನಂಬರ್ ಹೇಳಿ ಮೇಡಂ" ಎಂಬ ಪ್ರಶ್ನೆ ಬರುತ್ತದೆ. ನಾವು ಹತ್ತು ಅಂಕಿಯನ್ನೂ ಗಟ್ಟಿಯಾಗಿ ಹೇಳುತ್ತೇವೆ. ಹಿಂದೆ ನಿಂತ ಐದಾರು ಮಂದಿ ಕೇಳಿಸಿಕೊಳ್ಳುತ್ತಾರೆ. ಅದೇ ನಂಬರಿಗೆ ನಿಮ್ಮ ಬ್ಯಾಂಕ್, ಗ್ಯಾಸ್, ಆಧಾರ್ ಎಲ್ಲವೂ ಜೋಡಣೆಯಾಗಿರುತ್ತದೆ. ಬೇರೆಯವರ ಬಿಲ್ಲಿಗೆ ಸಹಾಯ ಮಾಡಲೆಂದು ನಂಬರ್ ಹೇಳುವ ಹೆಣ್ಣುಮಗಳು, ಪ್ಲಾಸ್ಟಿಕ್ ಕಾರ್ಡ್ ಕೊಟ್ಟವರಿಗಿಂತ ಬಹಳ ಹೆಚ್ಚಿನದನ್ನು ಕೊಡುತ್ತಿದ್ದಾಳೆ.

ನೆನಪಿಡಿ, ನಂಬರ್ ಹೇಳಲೇಬೇಕೆಂಬ ಕಾನೂನಿಲ್ಲ. ಮಾರಾಟಕ್ಕೆ ಗ್ರಾಹಕರ ಮೊಬೈಲ್ ನಂಬರನ್ನು ಕಡ್ಡಾಯ ಮಾಡಬಾರದೆಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲೇ ಅಂಗಡಿಗಳಿಗೆ ಸೂಚಿಸಿದೆ. ಅದೇ ವರ್ಷ ಆಗಸ್ಟ್‌ನಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಪ್ರತ್ಯೇಕ ಕಾಯ್ದೆಯೂ ಬಂತು. ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ಆದ್ದರಿಂದ "ನಂಬರ್ ಬೇಡ, ಹಾಗೆಯೇ ಬಿಲ್ಲು ಮಾಡಿ" ಎಂದು ಹೇಳುವ ಹಕ್ಕು ನಿಮಗಿದೆ. ಮೆಲುದನಿಯಲ್ಲಿ ಹೇಳಿ, ಆದರೆ ಅಳುಕದೆ ಹೇಳಿ.

ಪಾಯಿಂಟ್ ಬಳಸುವಾಗ ನಿಮ್ಮ ಫೋನಿಗೆ ಓಟಿಪಿ ಬರುತ್ತದೆ. ಅದನ್ನು ಯಾರಿಗೂ ಹೇಳಬೇಡಿ. "ಅಕ್ಕಾ, ಒಂದು ಓಟಿಪಿ ಬಂದಿದೆ, ಹೇಳಿ" ಎಂದು ಅಪರಿಚಿತರು ಎಷ್ಟೇ ವಿನಯದಿಂದ ಕೇಳಿದರೂ ಹೇಳಬಾರದು. ಅದು ಪಾಯಿಂಟಿನ ಓಟಿಪಿಯೋ ಬ್ಯಾಂಕಿನದೋ ಎಂದು ಗಡಿಬಿಡಿಯಲ್ಲಿ ತಿಳಿಯುವುದಿಲ್ಲ.

ಕೊಡುವಾಗ, ಕೇಳುವಾಗ

ಕೊಡುವುದಾದರೆ ಮೊದಲು ಕೇಳಿ. "ನನ್ನ ಬಳಿ ಕಾರ್ಡ್ ಇದೆ, ಬೇಕೇ?" ಎಂದಷ್ಟೇ ಸಾಕು. ಎಲ್ಲರಿಗೂ ಕೇಳುವಂತೆ ಗಟ್ಟಿಯಾಗಿ ಹೇಳಿದರೆ, ಅವರಿಗೆ ದುಡ್ಡಿಲ್ಲವೆಂದು ಸಾರಿದಂತಾಗುತ್ತದೆ. ಅವರು ಬೇಡವೆಂದರೆ ಅಲ್ಲಿಗೆ ಬಿಡಿ. ಕಾರ್ಡನ್ನು ಅವರ ಕೈಗೆ ಕೊಡದೆ ನೀವೇ ಯಂತ್ರಕ್ಕೆ ತೋರಿಸಿ ಹಿಂದಿಟ್ಟುಕೊಳ್ಳಿ. ಪಾಯಿಂಟ್ ನಿಮಗೆ ಬರುವುದೆಂದು ತಿಳಿಸಿಬಿಡಿ, ಮುಚ್ಚಿಡುವಂಥದ್ದೇನೂ ಅದರಲ್ಲಿಲ್ಲ.

ಕೇಳುವುದಾದರೆ ಒಬ್ಬರನ್ನು, ಒಂದೇ ಸಲ ಕೇಳಿ. ಬಿಲ್ಲು ಆರಂಭವಾಗುವ ಮುಂಚೆಯೇ ಕೇಳಿದರೆ ಹಿಂದಿನವರು ಕಾಯಬೇಕಾಗಿಲ್ಲ. ಅವರು ಒಪ್ಪದಿದ್ದರೆ ಕಾರಣ ಕೇಳಬೇಡಿ, ಮುಖ ಸಿಂಡರಿಸಬೇಡಿ. ಅವರ ಕಾರ್ಡ್ ಗಂಡನ ಹೆಸರಿನಲ್ಲಿರಬಹುದು, ಅತ್ತೆಯದಾಗಿರಬಹುದು. ಇನ್ನೊಬ್ಬರ ಅಮಾನತ್ತನ್ನು ಮೂರನೆಯವರಿಗೆ ಕೊಡಲು ಹಿಂಜರಿಯುವವರು ಗೌರವಕ್ಕೆ ಅರ್ಹರೇ. ಕೊಟ್ಟರೆ ಉಳಿದ ಹಣದಲ್ಲಿ ಪಾಲು ಕೊಡಬೇಕಾಗಿಲ್ಲ, ಒಂದು ಒಳ್ಳೆಯ ಮಾತು ಸಾಕು.

ನಿರಾಕರಿಸುವುದಾದರೆ ಸುಳ್ಳು ಹೇಳಬೇಡಿ. "ಕಾರ್ಡ್ ಇಲ್ಲ" ಎಂದು ಹೇಳಿ, ಎರಡು ನಿಮಿಷದ ನಂತರ ಅದನ್ನೇ ಹೊರತೆಗೆದರೆ ಪಕ್ಕದಲ್ಲಿ ನಿಂತ ಮಗು ನೋಡುತ್ತದೆ. "ಕ್ಷಮಿಸಿ, ನಾನು ಯಾರಿಗೂ ಕೊಡುವುದಿಲ್ಲ" ಎಂದರೆ ಮುಗಿಯಿತು. ಮಕ್ಕಳು ಹಣದ ವ್ಯವಹಾರ ಕಲಿಯುವುದು ಪಾಠದ ಪುಸ್ತಕಕ್ಕಿಂತ ಹೆಚ್ಚಾಗಿ ಕೌಂಟರಿನ ಬಳಿ, ತಾಯಿಯ ಸೆರಗು ಹಿಡಿದು ನಿಂತಾಗ.

ಎಲ್ಲಕ್ಕಿಂತ ಒಳ್ಳೆಯ ಸಹಾಯ ಇನ್ನೊಂದಿದೆ. ಪಕ್ಕದ ಮನೆಯ ಅಜ್ಜಿಗೆ, ಊರಿಗೆ ಹೊಸದಾಗಿ ಬಂದ ಸೊಸೆಗೆ, ವಿದೇಶಕ್ಕೆ ಹೊರಟ ಹುಡುಗಿಗೆ ಅವರದೇ ಕಾರ್ಡ್ ಮಾಡಿಸಿಕೊಡಿ. ಅರ್ಜಿಯಲ್ಲಿ ಯಾವುದನ್ನು ತುಂಬಬೇಕು, ಯಾವುದನ್ನು ಖಾಲಿ ಬಿಡಬಹುದು ಎಂದು ಪಕ್ಕದಲ್ಲಿ ಕುಳಿತು ತೋರಿಸಿಕೊಡಿ. ಕಾರ್ಡ್ ಕೊಟ್ಟರೆ ಅವರ ಒಂದು ದಿನದ ಬಿಲ್ಲು ಇಳಿಯುತ್ತದೆ. ಮಾಡಿಸಿಕೊಟ್ಟರೆ ಅವರು ಮತ್ತೆ ಯಾರ ಮುಂದೆಯೂ ಕೇಳಬೇಕಾಗಿ ಬರುವುದಿಲ್ಲ.