ಲಸಿಕೆಯಲ್ಲಿ ಎಣ್ಣೆಯೇಕೆ?

ಕಾಲುಬಾಯಿ ಜ್ವರದ ಲಸಿಕೆ ಹಾಕಿಸಿದರೆ ಹಸುವಿನ ಕುತ್ತಿಗೆ ಊದುತ್ತದೆ, ಒಂದೆರಡು ದಿನ ಹಾಲು ಇಳಿಯುತ್ತದೆ ಎಂಬ ದೂರನ್ನು ಚಾಮರಾಜನಗರ, ಗುಂಡ್ಲುಪೇಟೆ ಕಡೆಯ ಶಿಕ್ಷಕರಾದ ನೀವು ಕೇಳಿರಬಹುದು. ದೂರು ಸುಳ್ಳಲ್ಲ. ಆದರೆ ಊತಕ್ಕೂ ರಕ್ಷಣೆಗೂ ಸಂಬಂಧವಿದೆ.

ಈ ಲಸಿಕೆಯಲ್ಲಿರುವುದು ನಿಷ್ಕ್ರಿಯಗೊಳಿಸಿದ ವೈರಸ್. ಅದು ವೃದ್ಧಿಯಾಗದು, ಅದೊಂದನ್ನೇ ಚುಚ್ಚಿದರೆ ಹುಟ್ಟುವ ಪ್ರತಿಕಾಯಗಳು ಅಲ್ಪ. ಆದ್ದರಿಂದ ‘ಅಡ್ಜುವಂಟ್’ ಎಂಬ ಸಹಾಯಕ ದ್ರವ್ಯವನ್ನು ಬೆರೆಸುತ್ತಾರೆ. 1920ರ ದಶಕದಲ್ಲಿ ಫ್ರಾನ್ಸಿನ ಗಾಸ್ಟನ್ ರಾಮೋನ್, ಚುಚ್ಚಿದ ಜಾಗ ಬಾತ ಕುದುರೆಗಳಲ್ಲಿ ಪ್ರತಿಕಾಯ ಹೆಚ್ಚಿರುವುದನ್ನು ಗಮನಿಸಿದರು. 1926ರಲ್ಲಿ ಇಂಗ್ಲೆಂಡಿನ ಗ್ಲೆನಿ ಪಟಿಕವನ್ನು ಬಳಸಿದರು.

ಭೌತವಿಜ್ಞಾನದ ಮೇಷ್ಟರಾದ ನನಗೆ ಕುತೂಹಲ ಹುಟ್ಟಿಸಿದ್ದು ದನಗಳ ಲಸಿಕೆಯ ಎಣ್ಣೆ. ಬೆಣ್ಣೆಯನ್ನು ನೆನೆಯಿರಿ: ಜಿಡ್ಡಿನೊಳಗೆ ಸೂಕ್ಷ್ಮ ನೀರಹನಿಗಳು. ಇಲ್ಲಿಯೂ ವೈರಸ್ಸಿರುವ ನೀರಹನಿಗಳನ್ನು ಎಣ್ಣೆ ಸುತ್ತುವರಿದಿರುತ್ತದೆ. ವೈರಸ್ ನಿಧಾನವಾಗಿ ಹೊರಬರುತ್ತದೆ. ಜೊತೆಗೆ ಎಣ್ಣೆ ಅಂಗಾಂಶವನ್ನು ಕೆರಳಿಸುತ್ತದೆ. ಅಲ್ಲಿಗೆ ಧಾವಿಸಿದ ರಕ್ಷಣಾ ಕೋಶಗಳು ವೈರಸ್ಸಿನ ತುಣುಕುಗಳನ್ನು ದುಗ್ಧಗ್ರಂಥಿಗೆ ಒಯ್ಯುತ್ತವೆ. ಅಲ್ಲಿ ಟಿ-ಕೋಶಗಳ ನೆರವಿನಿಂದ ಬಿ-ಕೋಶಗಳು ವಿಭಜನೆಗೊಂಡು, ವೈರಸ್ಸನ್ನು ಹೆಚ್ಚು ಬಿಗಿಯಾಗಿ ಹಿಡಿಯುವ ಪ್ರತಿಕಾಯಗಳನ್ನು ತಯಾರಿಸುತ್ತವೆ.

‘ದಾಸ್ತಾನು’ ಮಾತ್ರವೇ ಕಾರಣವೆಂದು ಪಾಠ ಮಾಡಬೇಡಿ. 2012ರಲ್ಲಿ ವರದಿಯಾದ ಪ್ರಯೋಗದಲ್ಲಿ, ಅಲ್ಯುಮಿನಿಯಮ್ ಬೆರೆತ ಲಸಿಕೆ ಚುಚ್ಚಿದ ಜಾಗವನ್ನು ಎರಡೇ ಗಂಟೆಯಲ್ಲಿ ಕತ್ತರಿಸಿ ತೆಗೆದರೂ ಇಲಿಗಳಲ್ಲಿ ಪ್ರತಿಕಾಯ ಕುಗ್ಗಲಿಲ್ಲ. ಕೆರಳಿಕೆಯ ಪಾತ್ರ ಚಿಕ್ಕದಲ್ಲ.

ಬಂಡೀಪುರದಂಚಿನಲ್ಲಿ ಮೇಯುವ ದನಗಳಿಂದ ಈ ರೋಗ ಕಾಟಿಗಳಿಗೂ ತಗಲಬಲ್ಲದು. 2019ರಲ್ಲಿ ಆರಂಭವಾದ ರಾಷ್ಟ್ರೀಯ ಕಾರ್ಯಕ್ರಮ ಆರು ತಿಂಗಳಿಗೊಮ್ಮೆ ಲಸಿಕೆ ಹಾಕುವುದನ್ನು ಗೊತ್ತುಪಡಿಸಿತು. ಎಣ್ಣೆಯಿದ್ದರೂ ಪ್ರತಿಕಾಯಗಳ ಮಟ್ಟ ತಿಂಗಳುಗಳಲ್ಲಿ ಇಳಿಯುತ್ತದೆ. ಮೊದಲ ಸಲ ಚುಚ್ಚಿಸಿಕೊಂಡ ಕರುವಿಗೆ ಸುಮಾರು ಒಂದು ತಿಂಗಳಲ್ಲೇ ಇನ್ನೊಂದು ಬೇಕು.