ಸಿಪಾಯಿಯ ಕಣ್ಣಿಗೆ ಯಾವ ಬಣ್ಣ?

ಅಜ್ಜಂಪುರದ ನಮ್ಮ ಹಳೆಯ ಮನೆಯ ಅಟ್ಟದ ಮೇಲೆ ಒಂದು ತಗಡಿನ ಪೆಟ್ಟಿಗೆಯಿದೆ. ವರ್ಷಕ್ಕೊಮ್ಮೆ, ನವರಾತ್ರಿಗೆ ನಾಲ್ಕಾರು ದಿನ ಮುಂಚೆ, ಅದನ್ನು ಕೆಳಗಿಳಿಸುವುದು ಮನೆಯ ಗಂಡಸರ ಕೆಲಸ. ತೆರೆಯುವುದು ಹೆಂಗಸರ ಹಕ್ಕು. ಒಳಗೆ ಹಳೆಯ ಪಂಚೆಯ ತುಂಡುಗಳಲ್ಲಿ ಸುತ್ತಿಟ್ಟ ಗೊಂಬೆಗಳು: ರಕ್ತಚಂದನದ ಪಟ್ಟದ ಗೊಂಬೆಗಳೆರಡು, ಚನ್ನಪಟ್ಟಣದ ಅರಗಿನ ಬಣ್ಣದ ಅಡುಗೆಯ ಸಾಮಾನು, ಕೊನೆಗೆ ನಮ್ಮ ತಾಯಿ ತವರಿನಿಂದ ತಂದ ಹನ್ನೆರಡು ಮಂದಿ ಮಣ್ಣಿನ ಸಿಪಾಯಿಗಳು. ಜಂಬೂ ಸವಾರಿಯ ಮುಂದೆ ಸಾಗುವ ದಂಡು ಅದು. ಒಬ್ಬೊಬ್ಬನೂ ನಾಲ್ಕಂಗುಲ ಎತ್ತರ. ಕೆಂಪು ಅಂಗಿ, ಬಿಳಿಯ ಷರಾಯಿ, ಹೆಗಲ ಮೇಲೆ ಬಂದೂಕು, ಮೂಗಿನ ಕೆಳಗೆ ಹುರಿಮೀಸೆ.

ಈ ಹನ್ನೆರಡು ಮಂದಿಯಲ್ಲಿ ಆರು ಮಂದಿಗೆ ಮುಖವಿರಲಿಲ್ಲ. ಆ ಮುಖಗಳನ್ನು ಕಳೆದವನು ನಾನೇ.

ಹನ್ನೆರಡು ವರ್ಷಗಳ ಹಿಂದಿನ ಮಾತು. ಸಿಪಾಯಿಗಳ ಬಣ್ಣ ಅಲ್ಲಲ್ಲಿ ಉದುರತೊಡಗಿತ್ತು. ಮನೆಯ ಕಬ್ಬಿಣದ ಗೇಟಿಗೆಂದು ತಂದ ಎನಾಮಲ್ ಬಣ್ಣ ಡಬ್ಬಿಯಲ್ಲಿ ಉಳಿದಿತ್ತು. ಮನೆಯ ಉಪಕಾರಕ್ಕೆ ಹೊರಟ ಉತ್ಸಾಹಿಯ ಕೈಯಲ್ಲಿ ಉಳಿದ ಬಣ್ಣವಿದ್ದರೆ ಏನಾಗುವುದೆಂಬುದನ್ನು ವಾಚಕರಿಗೆ ವಿವರಿಸಬೇಕಾಗಿಲ್ಲ. ಆರು ಮಂದಿಗೆ ಬಳಿದ ಮೇಲೆ ನೋಡುತ್ತೇನೆ: ದಪ್ಪನೆಯ ಬಣ್ಣ ಕಣ್ಣಿನ ಗುಳಿಗಳಿಗೆ ಇಳಿದು ನಿಂತಿದೆ, ಮೀಸೆ ತುಟಿಯೊಡನೆ ಕಲೆತಿದೆ, ಇಡೀ ಮುಖ ಎಣ್ಣೆ ಸವರಿದ ಮಡಕೆಯಂತೆ ಹೊಳೆಯುತ್ತಿದೆ. ನಮ್ಮ ತಾಯಿ ಅವನ್ನು ಒಂದೊಂದಾಗಿ ಕೈಗೆತ್ತಿಕೊಂಡು ನೋಡಿದರು. “ಹೊಳಪು ಚೆನ್ನಾಗಿದೆ” ಎಂದಷ್ಟೇ ಹೇಳಿ, ಆ ಆರನ್ನೂ ಹಿಂದಿನ ಸಾಲಿನಲ್ಲಿ ನಿಲ್ಲಿಸಿದರು. ಮೂರು ವರ್ಷಗಳ ಮೇಲೆ ಅವರು ತೀರಿಕೊಂಡರು. ಸಿಪಾಯಿಗಳು ಹಿಂದಿನ ಸಾಲಿನಲ್ಲಿಯೇ ಉಳಿದರು.

ಕಳೆದ ನವರಾತ್ರಿಗೆ ನನ್ನ ತಂಗಿಯ ಮಗ ಬೆಂಗಳೂರಿನಿಂದ ಬಂದ. ಇಂಜಿನಿಯರಿಂಗ್ ಓದುವ ಹುಡುಗ. ಅವನ ಚೀಲದಿಂದ ಹೊರಬಂದದ್ದು ಪುಸ್ತಕಗಳಲ್ಲ, ಒಂದು ಡಬ್ಬಿ ತುಂಬ ಬೂದುಬಣ್ಣದ ಪ್ಲಾಸ್ಟಿಕ್ ಯೋಧರು. ಎತ್ತರ ಹೆಚ್ಚೆಂದರೆ ೨೮ ಮಿಲಿಮೀಟರು. ದಾಳವುರುಳಿಸಿ, ಅಳತೆಪಟ್ಟಿ ಹಿಡಿದು, ಮೇಜಿನ ಮೇಲೆ ಇವರನ್ನು ನಡೆಸುವ ಯುದ್ಧದಾಟವಂತೆ. ಆಡುವ ಮೊದಲು ಪ್ರತಿಯೊಬ್ಬನಿಗೂ ಕೈಯಾರೆ ಬಣ್ಣ ಹಾಕುವುದು ಆ ಆಟದ ಸಂಪ್ರದಾಯವಂತೆ.

“ಇಷ್ಟು ದೊಡ್ಡವನಾಗಿ ಇನ್ನೂ ಗೊಂಬೆಯಾಟವೇನೋ?” ಎಂದೆ.

“ನೀವು ಕೂರಿಸುತ್ತೀರಿ ಮಾವ, ನಾನು ನಡೆಸುತ್ತೇನೆ. ಅಷ್ಟೇ ವ್ಯತ್ಯಾಸ.”

ಉತ್ತರಕ್ಕೆ ಪ್ರತ್ಯುತ್ತರವಿರಲಿಲ್ಲ. ಆನೆ, ಕುದುರೆ, ರಥ, ಪದಾತಿ ಎಂಬ ಸೇನೆಯ ನಾಲ್ಕು ಅಂಗಗಳನ್ನು ಮನೆಗಳ ಹಾಸಿನ ಮೇಲಿಳಿಸಿ ಅದಕ್ಕೆ ಚತುರಂಗವೆಂದು ಹೆಸರಿಟ್ಟ ನಾಡು ನಮ್ಮದು. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಹಾಸಿನಾಟಗಳನ್ನು ಕಲ್ಪಿಸುವುದರಲ್ಲಿ ವಿಶೇಷ ಆಸಕ್ತಿಯುಳ್ಳವರಾಗಿದ್ದರು. ೧೮೨೪ರಲ್ಲಿ ಪ್ರಷ್ಯದ ಸೈನ್ಯಾಧಿಕಾರಿಗಳು ನಕಾಶೆಯ ಮೇಲೆ ಯುದ್ಧದಾಟವಾಡಿ ಅದನ್ನು ಶಿಕ್ಷಣವೆಂದರು. ೧೯೧೩ರಲ್ಲಿ ಆಂಗ್ಲ ಕಾದಂಬರಿಕಾರ ಎಚ್. ಜಿ. ವೆಲ್ಸ್ ಆಟಿಕೆಯ ಸಿಪಾಯಿಗಳನ್ನು ನೆಲದ ಮೇಲೆ ಹೂಡಿ ಆಡುವ ಕ್ರಮಕ್ಕೆಂದೇ ‘ಲಿಟ್ಲ್ ವಾರ್ಸ್’ ಎಂಬ ಪುಸ್ತಕವನ್ನು ಬರೆದ. ನನ್ನ ಸೋದರಳಿಯ ಈ ಪರಂಪರೆಯ ಕುಡಿ.

ಅವನು ಬಣ್ಣ ಹಾಕುವುದನ್ನು ಒಂದು ಸಂಜೆ ಪಕ್ಕದಲ್ಲಿ ಕುಳಿತು ನೋಡಿದೆ. ಒಂದು ತೊಟ್ಟು ಬಣ್ಣ. ಅದಕ್ಕೆ ಕುಂಚದ ತುದಿಯಿಂದ ನೀರು. ನೀರು ಮಜ್ಜಿಗೆಯ ಹದಕ್ಕೆ ಬಂದ ಮೇಲೆ ತೆಳುವಾಗಿ ಒಂದು ಲೇಪ. ಅದು ಆರಿದ ಮೇಲೆ ಮತ್ತೊಂದು. ಎರಡು ಲೇಪವಾದ ಮೇಲೂ ಯೋಧನ ಪಟ್ಟಿಯ ಕೊಕ್ಕೆ, ಬೆರಳಿನ ಸಂದು ಎಲ್ಲವೂ ಸ್ಪಷ್ಟ. ನನಗೆ ಹಿಂದಿನ ಸಾಲಿನ ಆರು ಮಂದಿಯ ನೆನಪಾಯಿತು.

“ನಮ್ಮ ಸಿಪಾಯಿಗಳಿಗೆ ಯಾವ ಬಣ್ಣ ತರಬೇಕಪ್ಪ?” ಎಂದು ಕೇಳಿದೆ.

“ಅಕ್ರಿಲಿಕ್. ಆದರೆ ಅಕ್ರಿಲಿಕ್ ಎಂದು ಬರೆದದ್ದೆಲ್ಲ ಒಂದೇ ಅಲ್ಲ, ಮಾವ.”

ಆ ‘ಆದರೆ’ಯ ಅರ್ಥವನ್ನು ತಿಳಿಯಲು ನಾನು ಮೂರು ಊರು ಸುತ್ತಿದೆ. ನನ್ನ ವಾಸ ಕಡೂರಿನಲ್ಲಿ, ಪಾಠ ತರೀಕೆರೆಯಲ್ಲಿ, ಹುಟ್ಟಿದ ಮನೆ ಅಜ್ಜಂಪುರದಲ್ಲಿ. ಬೀರೂರಿನಲ್ಲಿ ಕವಲೊಡೆಯುವ ರೈಲುದಾರಿ ಒಂದು ಕಡೆ ತರೀಕೆರೆಗೂ ಇನ್ನೊಂದು ಕಡೆ ಅಜ್ಜಂಪುರಕ್ಕೂ ಹೋಗುವಂತೆ ನನ್ನ ಬದುಕೂ ಕವಲೊಡೆದಿದೆ. ಈ ಮೂರು ಊರುಗಳ ಪುಸ್ತಕದಂಗಡಿಗಳಲ್ಲಿ ಬಣ್ಣವೆಂದು ಕೇಳಿದರೆ ಮುಂದೆ ಬರುವುವು ಮೂರು ಬಗೆ. ಮೊದಲನೆಯದು ಶಾಲೆಯ ಮಕ್ಕಳ ಪೋಸ್ಟರ್ ಬಣ್ಣ. ಇದರ ಬಂಧಕ ಅಂಟು. ಆರಿದ ಮೇಲೂ ನೀರು ತಾಗಿದರೆ ಕರಗುತ್ತದೆ, ಬೆವರಿದ ಬೆರಳಿಗೂ ಅಂಟಿ ಬರುತ್ತದೆ. ಎರಡನೆಯದು ಬಟ್ಟೆಗೆ ಹಾಕುವ ಬಣ್ಣ. ಇದೂ ಅಕ್ರಿಲಿಕ್ ಕುಲದ್ದೇ. ಆದರೆ ಸೀರೆಯ ಸೆರಗು ಮಡಿಸಿದಾಗ ಬಿರಿಯಬಾರದೆಂದು ಅದರ ಪೊರೆಯನ್ನು ಮೆದುವಾಗಿಟ್ಟಿರುತ್ತಾರೆ. ಗೊಂಬೆಯ ಮೇಲೆ ಆ ಮೆದುತನ ಜಿಗುಟಾಗಿ, ಧೂಳನ್ನು ಹಿಡಿಯುತ್ತದೆ. ಮೂರನೆಯದು ಕೊಳವೆಯಲ್ಲಿ ಬರುವ ಚಿತ್ರಕಾರರ ಅಕ್ರಿಲಿಕ್. ಕ್ಯಾಮೆಲ್, ಫೆವಿಕ್ರಿಲ್ ಮುದ್ರೆಯವು ಹೆಚ್ಚಾಗಿ ಕಾಣಸಿಗುತ್ತವೆ. ಕೊಳ್ಳುವಾಗ ಹೆಸರಿನ ಜೊತೆಗೆ ಅದು ಬಟ್ಟೆಗೋ ಚಿತ್ರಕ್ಕೋ ಎಂಬುದನ್ನು ಓದಬೇಕು.

ಈ ಮೂರಲ್ಲದೆ ನಾಲ್ಕನೆಯ ಬಗೆಯೊಂದಿದೆ. ಅದು ನಮ್ಮ ಅಂಗಡಿಗಳಲ್ಲಿ ಸಿಗದು, ಅಂಚೆಯಲ್ಲಿ ತರಿಸಬೇಕು. ಸ್ಪೇನಿನ ವಯೇಹೋ, ಬ್ರಿಟನ್ನಿನ ಸಿಟಡೆಲ್ ಮುಂತಾದವರು ಪುಟ್ಟ ಮೂರ್ತಿಗಳಿಗೆಂದೇ ಮಾಡುವ ಬಣ್ಣ. ಸೀಸೆಯಲ್ಲಿರುವುದು ೨೦ ಮಿಲಿಲೀಟರಿಗೂ ಕಡಿಮೆ. ಬೆಲೆ ನಮ್ಮ ಕೊಳವೆಗಿಂತ ಹಲವು ಪಟ್ಟು ಹೆಚ್ಚು. ಆ ಹೆಚ್ಚಿನ ಹಣ ಎಲ್ಲಿಗೆ ಹೋಗುತ್ತದೆ? ನುಣುಪಾಗಿ ಅರೆದ ವರ್ಣದ್ರವ್ಯಕ್ಕೆ, ತೆಳುವಾಗಿದ್ದೂ ತಳವನ್ನು ಮುಚ್ಚುವ ಗುಣಕ್ಕೆ, ಆರಿದ ಮೇಲೆ ಹೊಳೆಯದ ಮೈಗೆ. ಕ್ಯಾನ್‌ವಾಸಿಗೆಂದು ಮಾಡಿದ ಕೊಳವೆಯ ಬಣ್ಣ ಕುಂಚದ ಗೆರೆ ಕಾಣಲೆಂದೇ ದಪ್ಪನಾಗಿರುತ್ತದೆ. ಅದನ್ನು ತೆಳುಮಾಡಬಹುದು, ಬರಿಯ ನೀರನ್ನೇ ಸುರಿದರೆ ಬಂಧಕ ಸೋತು ಬಣ್ಣ ಹಿಡಿತ ಕಳೆದುಕೊಳ್ಳುತ್ತದೆ. ಆದ್ದರಿಂದ ಸ್ವಲ್ಪ ನೀರು, ಸ್ವಲ್ಪ ಅಕ್ರಿಲಿಕ್ ಮೀಡಿಯಂ. ಸೋದರಳಿಯನ ೨೮ ಮಿಲಿಮೀಟರಿನ ಯೋಧನಿಗೆ ಸೀಸೆಯ ಬಣ್ಣವೇ ಬೇಕು. ನಮ್ಮ ನಾಲ್ಕಂಗುಲದ ಸಿಪಾಯಿಗೆ ಕೊಳವೆಯ ಬಣ್ಣ ಸಾಕು. ಮೂರ್ತಿ ಚಿಕ್ಕದಾದಷ್ಟೂ ಬಣ್ಣ ನುಣ್ಣಗಾಗಬೇಕೆಂಬುದೇ ಇದರ ಸೂತ್ರ.

ಅಕ್ರಿಲಿಕ್ ಎಂದರೇನು? ನೀರಿನಲ್ಲಿ ತೇಲುವ ರಾಳದ ಅತಿಸೂಕ್ಷ್ಮ ಕಣಗಳು, ಅವುಗಳ ನಡುವೆ ಬಣ್ಣದ ಪುಡಿ. ನೀರು ಆರಿದಂತೆ ಕಣಗಳು ಒಂದಕ್ಕೊಂದು ಬೆಸೆದು ಪೊರೆಯಾಗುತ್ತವೆ. ಆ ಪೊರೆ ಮತ್ತೆ ನೀರಿಗೆ ಕರಗದು. ಚಿತ್ರಕಾರರಿಗೆ ಈ ಬಗೆಯ ಬಣ್ಣ ಅಮೆರಿಕದಲ್ಲಿ ದೊರೆಯತೊಡಗಿದ್ದು ೧೯೫೦ರ ದಶಕದ ನಡುವಿನಲ್ಲಿ. ಬಂಧಕ ಹೊಸದು, ಬಣ್ಣದ ಪುಡಿ ಮಾತ್ರ ಎಷ್ಟೋ ವೇಳೆ ಬಹಳ ಹಳೆಯದು. ಕೊಳವೆಯ ಬೆನ್ನಿನ ಮೇಲೆ ಸಣ್ಣಕ್ಷರದಲ್ಲಿ ‘ಪಿ.ಆರ್. ೧೦೧’, ‘ಪಿ.ಬಿ. ೨೯’ ಎಂಬಂಥ ಗುರುತುಗಳಿರುತ್ತವೆ. ಅಂಗಡಿಯವರು ಕೊಡುವ ಮೋಹಕ ನಾಮಧೇಯಗಳಿಗಿಂತ ಈ ಗುರುತುಗಳೇ ವಿಶ್ವಾಸಾರ್ಹ. ಪಿ.ಆರ್. ೧೦೧ ಎಂದರೆ ಕಬ್ಬಿಣದ ಆಕ್ಸೈಡಿನ ಕೆಂಪು, ನಮ್ಮ ಹೊಸಿಲಿನ ಕಾವಿಯ ಸೋದರ. ಪಿ.ಬಿ. ೨೯ ಅಲ್ಟ್ರಾಮರೀನ್, ಒಂದು ಕಾಲದಲ್ಲಿ ಬದಖ್‌ಷಾನದ ರತ್ನಶಿಲೆಯನ್ನು ಅರೆದು ತೆಗೆಯುತ್ತಿದ್ದ ಈ ನೀಲಿಯನ್ನು ೧೮೨೮ರಲ್ಲಿ ಯೂರೋಪಿನವರು ಕೃತಕವಾಗಿ ಮಾಡಿದರು. ಬಿಳಿಯ ಪಂಚೆಗೆ ಹಾಕುತ್ತಿದ್ದ ನೀಲಿಪುಡಿಯೂ ಅದೇ. ನಮ್ಮ ಹಳೆಯ ಚಿತ್ರಗಾರರ ಇಂಗಳಿಕ ಪಾದರಸದ್ದು, ಹರಿದಾಳ ಪಾಷಾಣದ್ದು. ಎರಡೂ ಸುಂದರ, ಎರಡೂ ವಿಷ. ಅವುಗಳ ಸ್ಥಾನಕ್ಕೆ ಇಂದು ಹೆಚ್ಚು ನಿರಪಾಯವಾದ ಕೆಂಪು-ಹಳದಿಗಳು ಬಂದಿವೆ. ಆದರೂ ಕುಂಚದ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ನನ್ನ ಅಭ್ಯಾಸವನ್ನು ಕಂಡು ಹುಡುಗ ಗದರಿಸಿದ. ಕ್ಯಾಡ್ಮಿಯಂ ಸೇರಿದ ಬಣ್ಣಗಳು ಇಂದಿಗೂ ಉಂಟಂತೆ.

ಹಾಗಾದರೆ ಎಷ್ಟು ಬಣ್ಣ ಬೇಕು? ನಲವತ್ತು ಕೊಳವೆಗಳ ಪೆಟ್ಟಿಗೆಯನ್ನು ಕಂಡು ಮರುಳಾಗಬಾರದು. ಬಿಳುಪು, ಕಪ್ಪು, ಕಾವಿ, ಮಣ್ಣುಹಳದಿ, ನೀಲಿ, ಗಾಢ ಕಂದು, ಒಂದು ಉಜ್ವಲ ಕೆಂಪು: ಏಳು ಸಾಕು. ಕೆಂಪು-ಹಳದಿಗಳಿಗೆ ತಳವನ್ನು ಮುಚ್ಚುವ ಶಕ್ತಿ ಸಾಮಾನ್ಯವಾಗಿ ಕಡಿಮೆ. ಕೆಳಗೆ ಬಿಳುಪನ್ನೋ ಮಣ್ಣುಹಳದಿಯನ್ನೋ ಹಾಸಿದರೆ ಅವು ಬೆಳಗುತ್ತವೆ. ಎಲ್ಲಕ್ಕೂ ಮೊದಲು ಪ್ರೈಮರಿನ ಒಂದು ಲೇಪ, ಎಲ್ಲಕ್ಕೂ ಕೊನೆಗೆ ಹೊಳಪಿಲ್ಲದ ವಾರ್ನಿಷ್. ಹವೆಯನ್ನೂ ನೋಡಿಕೊಳ್ಳಬೇಕು. ಕಡೂರಿನ ಬಯಲಿನ ಒಣಗಾಳಿಗೆ ತಟ್ಟೆಯಲ್ಲಿಟ್ಟ ಬಣ್ಣ ಮಾತು ಮುಗಿಯುವುದರೊಳಗೆ ಆರಿಬಿಡುತ್ತದೆ. ಒದ್ದೆಬಟ್ಟೆಯ ಮೇಲೆ ಬೆಣ್ಣೆಕಾಗದ ಹಾಸಿ ಅದರ ಮೇಲೆ ಬಣ್ಣವಿಟ್ಟರೆ ಬಹಳ ಹೊತ್ತು ಹಸಿಯಾಗಿರುತ್ತದೆ. ಮಲೆನಾಡಿನ ಸೆರಗಿನಲ್ಲಿರುವ ತರೀಕೆರೆಯಲ್ಲಿ ಮಳೆಗಾಲದಂದು ಅದೇ ಲೇಪ ಆರಲು ತಾಳ್ಮೆಯಿಂದ ಕಾಯಬೇಕು.

ಬಣ್ಣ ಕೊಂಡದ್ದಾಯಿತು, ಹಾಕುವ ಧೈರ್ಯ ಬರಲಿಲ್ಲ. ಒಂದು ಭಾನುವಾರ ಹುಡುಗನನ್ನು ಕರೆದುಕೊಂಡು ತರೀಕೆರೆಯ ಸಮೀಪದ ಅಮೃತಾಪುರಕ್ಕೆ ಹೋದೆ. ಇಮ್ಮಡಿ ಬಲ್ಲಾಳನ ದಂಡನಾಯಕ ಅಮೃತೇಶ್ವರ ೧೧೯೬ರಲ್ಲಿ ಕಟ್ಟಿಸಿದ ದೇವಾಲಯ. ಕವಿ ಜನ್ನನ ರಚನೆಯ ಶಾಸನವಿರುವುದರಿಂದ ಕನ್ನಡದ ಅಧ್ಯಾಪಕನಿಗೆ ಅದು ಯಾತ್ರಾಸ್ಥಳ. ಆದರೆ ಅಂದು ನಾವು ನೋಡಿದ್ದು ಮುಖಮಂಟಪದ ಹೊರಗೋಡೆಯ ಸಣ್ಣ ಮೂರ್ತಿಗಳನ್ನು: ರಾಮಾಯಣದ ೭೦ ಫಲಕಗಳು, ಕೃಷ್ಣಲೀಲೆಯ ೨೫, ಮಹಾಭಾರತದ ೪೫. ಅಂಗೈಯಗಲದ ಜಾಗದಲ್ಲಿ ವಾನರರು, ರಥಿಕರು, ಬಿಲ್ಲಾಳುಗಳು. ಈ ಕಲ್ಲಿಗೆ ಇಂದು ಬಣ್ಣವಿಲ್ಲ; ಆದರೂ ಒಬ್ಬೊಬ್ಬನ ಮುಖವೂ ಬೇರೆಯಾಗಿ ಕಾಣುತ್ತದೆ.

“ನೋಡಿ ಮಾವ, ಗುಳಿಯಲ್ಲಿ ನೆರಳು, ಉಬ್ಬಿನಲ್ಲಿ ಬಿಸಿಲು. ದೊಡ್ಡ ಮೂರ್ತಿಗೆ ಸೂರ್ಯ ಮಾಡುವ ಕೆಲಸವನ್ನು ಚಿಕ್ಕದಕ್ಕೆ ಬಣ್ಣ ಮಾಡಬೇಕು” ಎಂದ ಹುಡುಗ. ನೀರಾದ ಕಂದುಬಣ್ಣವನ್ನು ಗುಳಿಗಳಿಗೆ ಹರಿಯಬಿಟ್ಟರೆ ನೆರಳಾಗುತ್ತದೆ. ಬಹುಪಾಲು ಒರಸಿದ ಕುಂಚವನ್ನು ಉಬ್ಬುಗಳ ಮೇಲೆ ಹಗುರಾಗಿ ಆಡಿಸಿದರೆ ಬಿಸಿಲಾಗುತ್ತದೆ. ಗೇಟಿನ ಎನಾಮಲ್ಲಿನ ಅಪರಾಧ ಆಗ ನನಗೆ ತಿಳಿಯಿತು. ಅದರ ಹೊಳಪು ಬೆಳಕನ್ನು ಗುಳಿ-ಉಬ್ಬುಗಳೆನ್ನದೆ ಎಲ್ಲೆಂದರಲ್ಲಿ ಚೆಲ್ಲಿ, ಇದ್ದ ನೆರಳನ್ನೂ ಅಳಿಸಿಬಿಟ್ಟಿತ್ತು.

ಮನೆಗೆ ಬಂದ ಮೇಲೆ ನಿಜವಾದ ಪ್ರಶ್ನೆ ಎದ್ದಿತು. “ಅಣ್ಣ, ಹೇಗೂ ಬಣ್ಣ ತಂದಿದ್ದೀಯ, ಹನ್ನೆರಡಕ್ಕೂ ಹಾಕಿಬಿಡು. ಒಂದೇ ಸಮ ಕಾಣಲಿ” ಎಂದಳು ತಂಗಿ. ಹಳೆಯ ಆರರ ಬಣ್ಣವೂ ಉದುರುತ್ತಲೇ ಇದೆ, ಅವಳ ಮಾತು ನ್ಯಾಯವೇ. ಹುಡುಗನಿಗೂ ಉತ್ಸಾಹ. ನಾನು ಒಪ್ಪಲಿಲ್ಲ.

ಗ್ರಂಥಸಂಪಾದನೆಯ ಪಾಠ ಹೇಳುವಾಗ ವಿದ್ಯಾರ್ಥಿಗಳಿಗೆ ನಾನು ಒತ್ತಿ ಹೇಳುವುದೊಂದಿದೆ: ಓಲೆಗರಿಯಲ್ಲಿ ತಪ್ಪು ಕಂಡರೆ ನಿಮ್ಮ ತಿದ್ದುಪಡಿಯನ್ನು ಬೇರೆ ಹಾಳೆಯಲ್ಲಿ ಬರೆಯಿರಿ, ಗರಿಯ ಮೇಲೆ ಬರೆಯಬೇಡಿ. ಹಳೆಯ ಆರು ಸಿಪಾಯಿಗಳು ನಮ್ಮ ಮೂಲಪ್ರತಿ. ಆ ಹೆಸರಿಲ್ಲದ ಕುಶಲಿ ಕಣ್ಣನ್ನು ಎಲ್ಲಿಟ್ಟಿದ್ದ, ಮೀಸೆಯನ್ನು ಎಷ್ಟು ತಿರುವಿದ್ದ ಎಂಬುದು ಉಳಿದಿರುವುದು ಆ ಮುಖಗಳಲ್ಲಿ ಮಾತ್ರ. ಅಕ್ರಿಲಿಕ್ ಒಮ್ಮೆ ಆರಿದರೆ ನೀರಿಗೆ ಬಿಡುವುದಿಲ್ಲ. ಹಳೆಯ ಅಂಟಿನ ಬಣ್ಣವಾದರೋ ನೀರು ತಾಗಿದರೆ ಏಳುತ್ತದೆ. ನನ್ನ ಎರಡನೆಯ ಉಪಕಾರವನ್ನು ತಿದ್ದುವುದಕ್ಕೆ ಆಮೇಲೆ ಯಾವ ದಾರಿಯೂ ಉಳಿಯುವುದಿಲ್ಲ. ಅವಕ್ಕೆ ಒಣಕುಂಚದಿಂದ ಧೂಳು ತೆಗೆದು, ಅವುಗಳನ್ನು ನೋಡಿಕೊಂಡು ನಾನು ಕೆಡಿಸಿದ ಆರಕ್ಕೆ ಮುಖ ಬರೆಯುವುದೆಂದು ತೀರ್ಮಾನವಾಯಿತು.

ನುಣ್ಣನೆಯ ಮರಳುಕಾಗದದಿಂದ ಎನಾಮಲ್ಲಿನ ಹೊಳಪನ್ನು ತೆಗೆದೆವು. ಪ್ರೈಮರ್, ಎರಡು ತೆಳುಲೇಪ, ನೆರಳು, ಬಿಸಿಲು. ಕಣ್ಣಿಗೆ ಬಂದಾಗ ಕೈ ನಡುಗಿತು. ಬಿಳಿಯ ಗೆರೆಯೊಂದನ್ನು ಎಳೆದು, ಪಾಪೆಯ ಚುಕ್ಕೆಯನ್ನು ಮೇಲಿನ ರೆಪ್ಪೆಗೆ ತಾಗಿಸಿಡಬೇಕು. ನಡುವೆ ಇಟ್ಟರೆ ಸಿಪಾಯಿ ಹುಲಿ ಕಂಡವನಂತೆ ಬೆಚ್ಚಿ ನೋಡುತ್ತಾನೆ. ನನ್ನ ಮೊದಲನೆಯವನು ಹಾಗೆಯೇ ಬೆಚ್ಚಿದ. ಒರಸಿ ಮತ್ತೆ ಬರೆದೆ. ಆರು ಮುಖಗಳಿಗೆ ಮೂರು ರಾತ್ರಿ ಹಿಡಿಯಿತು.

ಪಾಡ್ಯದ ದಿನ ತಂಗಿ ಗೊಂಬೆಗಳನ್ನು ಕೂರಿಸಿದಳು. ಹನ್ನೆರಡು ಮಂದಿಯನ್ನೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

“ಅಮ್ಮನ ಸಿಪಾಯಿಗಳು ನನ್ನನ್ನು ನೋಡುತ್ತಾರೆ. ನಿನ್ನವರು ಬಾಗಿಲ ಕಡೆ ನೋಡುತ್ತಾರೆ, ಅಣ್ಣ.”

ನಿಜ, ಪಾಪೆಗಳು ಒಂದು ಕೂದಲೆಳೆಯಷ್ಟು ಓರೆಯಾಗಿದ್ದವು. ಕಾವಲಿನವರಿಗೆ ಬಾಗಿಲ ಮೇಲೆ ಕಣ್ಣಿದ್ದರೆ ತಪ್ಪೇನೆಂದು ನಾನು ಸಮಜಾಯಿಷಿ ಹೇಳಹೊರಟೆ. ಅವಳು ಕಿವಿಗೊಡಲಿಲ್ಲ. ಒಬ್ಬ ಹಳಬ, ಒಬ್ಬ ಹೊಸಬ, ಹೀಗೆ ಜೋಡಿಮಾಡಿ ಹನ್ನೆರಡು ಮಂದಿಯನ್ನೂ ಮುಂದಿನ ಸಾಲಿನಲ್ಲಿ ನಿಲ್ಲಿಸುತ್ತಿದ್ದಳು.